ಸಂಸಾರ ಕವಲೊಡೆಯುವ ಹೊತ್ತಿನಲ್ಲಿ ತಂದೆತಾಯಿ ಗಟ್ಟಿಯಾಗಿರುವುದು ಹೇಗೆ?

ಪ್ರಶ್ನೆ: ನಾನು ಮತ್ತು ನನ್ನ ಪತಿ ಬೇರೆಯಾಗುತ್ತಿದ್ದೇವೆ, ಅದರ ಜೊತೆಗೇ ಮನೆಯೂ ಮಕ್ಕಳ ಶಾಲೆಯೂ ಬದಲಾಗುತ್ತಿವೆ. 6 ವರ್ಷದ ಮಗಳಿಗೂ 14 ವರ್ಷದ ಮಗನಿಗೂ ಆಸರೆಯಾಗಬೇಕಾದ ನಾನೇ ಕುಸಿಯುತ್ತಿದ್ದೇನೆ. ಇಂಥ ದಿನಗಳನ್ನು ದಾಟಿದವರು ತಮ್ಮ ಅನುಭವವನ್ನು ತಿಳಿಸುವಿರಾ?

ಬೇರೆಯಾದ ಒಬ್ಬ ತಾಯಿ: ಮಕ್ಕಳೆದುರು ಕಲ್ಲಿನಂತೆ ನಿಲ್ಲಬೇಕೆಂಬ ಹಟವನ್ನು ದಯವಿಟ್ಟು ಬಿಟ್ಟುಬಿಡಿ. ಅತ್ತರೂ ಅಡ್ಡಿಯಿಲ್ಲ, ನಾಳೆ ಏನಾಗುತ್ತದೆ ಎಂದು ಅವರಿಗೆ ಹೇಳುವಷ್ಟು ಸ್ಥಿಮಿತ ಉಳಿದಿದ್ದರೆ ಸಾಕು. ಸುದ್ದಿ ಕೇಳಿದ ಕೂಡಲೇ ನನ್ನ ಮಗಳ ಬಾಯಿಂದ ಬಂದ ಮೊದಲ ಮಾತು, "ನನ್ನ ದಿಂಬು ಯಾವ ಮನೆಯಲ್ಲಿರುತ್ತದೆ?" ಎಂಬುದಾಗಿತ್ತು. ಎರಡೂ ಮನೆಗಳಲ್ಲಿ ಒಂದೊಂದು ದಿಂಬು ಇರುತ್ತದೆಂದು ಖಾತ್ರಿಯಾದ ಮೇಲೆಯೇ ಅವಳಿಗೆ ನಿದ್ದೆ ಹತ್ತಿತು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪನ ಮನೆಯ ದಿನಗಳಿಗೆ ನೀಲಿ, ನನ್ನ ಮನೆಯ ದಿನಗಳಿಗೆ ಹಸಿರು ಬಣ್ಣ ಹಚ್ಚಿದೆವು. ಮಲಗುವ ಮುನ್ನ ಆ ದಿನದ ಮೇಲೆ ಗೆರೆ ಎಳೆಯುವುದನ್ನು ಅವಳು ತನ್ನ ಕೆಲಸವಾಗಿ ಮಾಡಿಕೊಂಡಳು.

ನಿಮ್ಮ ಮಗಳ ವಯಸ್ಸಿನ ಮಕ್ಕಳು ನಡೆದುದಕ್ಕೆಲ್ಲ ತಾವೇ ಕಾರಣವೆಂದು ಒಳಗೊಳಗೇ ನಂಬಿಬಿಡುವುದುಂಟು. ಆದ್ದರಿಂದ "ಇದು ದೊಡ್ಡವರ ತೀರ್ಮಾನ, ನೀನು ಮಾಡಿದ ಯಾವುದರಿಂದಲೂ ಹೀಗಾಗಿಲ್ಲ" ಎಂಬುದನ್ನು, ಅವಳು ಎಷ್ಟು ಸಲ ಕೇಳಿದರೂ, ಬೇಸರಿಸದೆ ಅದೇ ಮಾತುಗಳಲ್ಲಿ ಹೇಳಿ. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂದರೆ ಗದರಬೇಡಿ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಊಟದ ಹೊತ್ತು ಮತ್ತು ಮಲಗುವ ಹೊತ್ತು ಇವೆರಡನ್ನು ಬಿಗಿಯಾಗಿ ಹಿಡಿದುಕೊಂಡು ಮಿಕ್ಕಿದ್ದನ್ನು ಸಡಿಲ ಬಿಡಿ. ವಕೀಲರ ಕಾಗದಪತ್ರಗಳನ್ನು ರಾತ್ರಿ ತೆರೆಯಲೇಬೇಡಿ.

ಶಾಲೆಯೊಂದರ ಆಪ್ತಸಮಾಲೋಚಕಿ: ಎಲ್ಲವನ್ನೂ ಒಬ್ಬರೇ ಹೊರಬೇಕಾಗಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆಯರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹದಂಥ ಹಲವು ಕಷ್ಟಗಳು ಒಟ್ಟೊಟ್ಟಿಗೆ ಬಂದೆರಗಿದ್ದ ಮಕ್ಕಳಲ್ಲಿಯೂ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಸಮರ್ಥರಾಗಿ ಬೆಳೆದರು. ಅವರಿಗೆ ನೆರವಾದ ಸಂಗತಿಗಳಲ್ಲಿ ಮುಖ್ಯವಾದದ್ದು, ನೆಚ್ಚಿಕೊಳ್ಳಲು ಒಬ್ಬರಾದರೂ ಹಿರಿಯರು ಇದ್ದದ್ದು. ಆ ಹಿರಿಯರು ಹೆತ್ತವರೇ ಆಗಿರಬೇಕಿರಲಿಲ್ಲ; ಅಜ್ಜಿಯೋ ಶಿಕ್ಷಕರೋ ಆಗಿದ್ದರೂ ಸಾಕಾಗಿತ್ತು. ಆದ್ದರಿಂದ ಹೊಸ ಶಾಲೆಯ ತರಗತಿ ಶಿಕ್ಷಕರಿಗೆ ಮನೆಯ ಪರಿಸ್ಥಿತಿಯನ್ನು ಮೊದಲೇ ತಿಳಿಸಿಡಿ. ಎರಡು ವಾರ ಕಳೆದರೂ ನಿಮಗೆ ನಿದ್ದೆ, ಹಸಿವು, ಯಾವುದರಲ್ಲಿಯೂ ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ.

ಹದಿಹರೆಯದ ಮಗನ ತಂದೆ: ಮಗನನ್ನು ಎದುರು ಕೂರಿಸಿಕೊಂಡು ಮನಸ್ಸು ಬಿಚ್ಚಿಸಲು ಹೋಗಬೇಡಿ, ಜೊತೆಯಲ್ಲಿ ನಡೆಯುವಾಗ, ಪಾತ್ರೆ ತೊಳೆಯುವಾಗ ಅವನಾಗಿಯೇ ಮಾತಾಡುತ್ತಾನೆ. ಹೊಸ ಮನೆಯಲ್ಲಿ ತನ್ನ ಕೋಣೆಯನ್ನು ಹೇಗೆ ಜೋಡಿಸಿಕೊಳ್ಳಬೇಕೆಂಬುದನ್ನು ಅವನಿಗೇ ಬಿಡಿ. ಆದರೆ "ಇನ್ನು ಮನೆಗೆ ನೀನೇ ದಿಕ್ಕು" ಎಂಬ ಭಾರವನ್ನು ಮಾತ್ರ ಅವನ ಹೆಗಲಿಗೇರಿಸಬೇಡಿ. ನೆಂಟರಲ್ಲಿ ಯಾರಾದರೂ ಹಾಗೆಂದರೆ, ಅವನು ಅಲ್ಲಿರುವಾಗಲೇ ಅವರನ್ನು ತಡೆದು, "ಇಲ್ಲ, ಮನೆಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದುಬಿಡಿ.