ಪದಚರ್ಚೆ: ಪರ್ಫಾರ್ಮೆನ್ಸ್ ಟೆಸ್ಟಿಂಗ್‌ನಲ್ಲಿ ‘ನಿರೀಕ್ಷೆ’ ಸರಿಯೇ? ‘ಬೇಕು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪರ್ಫಾರ್ಮೆನ್ಸ್ ಅಧ್ಯಾಯದಲ್ಲಿ (ಸಾಫ್ಟ್‌ವೇರ್ ಎಷ್ಟು ಬೇಗ ಉತ್ತರ ಕೊಡುತ್ತದೆ, ಎಷ್ಟು ಹೊರೆ ತಾಳುತ್ತದೆ ಎಂದು ನೋಡುವ ಭಾಗ) ಕೆಲವು ಮಾತುಗಳು ಕಾಡುತ್ತಿವೆ. ನಿಮ್ಮ ಅಭಿಪ್ರಾಯ ಬೇಕು.

‘ಈ ಪುಟದ ನಿರೀಕ್ಷಿತ ಸಮಯ 2 ಸೆಕೆಂಡ್’ ಎಂಬ ವಾಕ್ಯ ನೋಡಿ. ಇದು ಬರೀ ಅಂದಾಜು ಇರಬಹುದು. 2 ಸೆಕೆಂಡ್ ದಾಟಲೇಬಾರದು ಎಂಬ ಕಟ್ಟಳೆಯೂ ಇರಬಹುದು. ‘ನಿರೀಕ್ಷಿಸಿ’ ಅಂದರೆ ‘ಕಾಯಿರಿ’ ಎಂಬ ಬಳಕೆಯೂ ನಮ್ಮಲ್ಲಿ ಇದೆ ಅಲ್ವಾ? ಹಾಗೆ ಓದಿದರೆ ಇದು ಕಾಯುವ ಹೊತ್ತಾಗಿಬಿಡುತ್ತದೆ! ಟೆಸ್ಟ್ ಬರೆಯುವವರಿಗೆ ಬೇಕಾದದ್ದು ಕಟ್ಟಳೆ ಮಾತ್ರ. ಅದಕ್ಕೇ ನಾನು ‘ಮಿತಿ’ ಮತ್ತು ‘ಗುರಿ’ ಎಂದು ಎರಡು ಮಾಡಿದ್ದೇನೆ. ದಾಟಿದರೆ ಟೆಸ್ಟ್ ಫೇಲ್ ಆಗುವಂಥದ್ದು ಮಿತಿ. ಮುಟ್ಟಿದರೆ ಒಳ್ಳೆಯದು, ಮುಟ್ಟದಿದ್ದರೆ ಮಾತಾಡೋಣ ಅನ್ನುವಂಥದ್ದು ಗುರಿ.

ಇದಕ್ಕಿಂತ ಜಾಸ್ತಿ ತಲೆ ತಿಂದದ್ದು ‘ಬೇಕು’. ಇಂಟರ್ನೆಟ್ ಮಾನಕಗಳಲ್ಲಿ ‘ಮಸ್ಟ್’ ಬೇರೆ, ‘ಶುಡ್’ ಬೇರೆ. 1997ರ ಆರ್‌ಎಫ್‌ಸಿ 2119 ಎಂಬ ದಾಖಲೆ ಇದನ್ನು ಬಿಡಿಸಿ ಹೇಳುತ್ತದೆ. ‘ಮಸ್ಟ್’ ಅಂದರೆ ತಪ್ಪಿಸುವಂತಿಲ್ಲ. ‘ಶುಡ್’ ಅಂದರೆ ತಕ್ಕ ಕಾರಣ ಇದ್ದರೆ, ಪರಿಣಾಮ ತೂಗಿ ನೋಡಿ ಬಿಡಬಹುದು. ಕನ್ನಡದಲ್ಲಿ ಎರಡಕ್ಕೂ ‘ಬೇಕು’ ಬಂದು ಕೂರುತ್ತದೆ. ‘ಉತ್ತರ ಬರಲೇಬೇಕು’, ‘ಉತ್ತರ ಬರಬೇಕು’ ಎಂದು ವ್ಯತ್ಯಾಸ ಮಾಡಿ ನೋಡಿದೆ. ಆದರೆ ಇಡೀ ಒಪ್ಪಂದ ಒಂದು ‘ಲೇ’ ಮೇಲೆ ನಿಲ್ಲುತ್ತದೆ. ಅವಸರದಲ್ಲಿ ಓದುವವರ ಕಣ್ಣು ಅದನ್ನು ಸುಮ್ನೆ ಹಾರಿಸಿಬಿಡುತ್ತದೆ. ‘ಬಂದರೆ ಒಳ್ಳೆಯದು’ ಅನ್ನೋಣವೇ ಅಂದರೆ ಅದು ತೀರಾ ಸಡಿಲ.

‘2 ಸೆಕೆಂಡಿನಲ್ಲಿ’ ಎಂದು ಬರೆಯುವುದನ್ನೂ ಬಿಟ್ಟಿದ್ದೇನೆ. ಸರಿಯಾಗಿ 2 ಸೆಕೆಂಡಿಗೋ, ಅದಕ್ಕೂ ಮೊದಲೋ ಎಂಬ ಅನುಮಾನ ಬರುತ್ತದೆ. ‘2 ಸೆಕೆಂಡಿನೊಳಗೆ’ ಅಂದರೆ ಅನುಮಾನವೇ ಉಳಿಯುವುದಿಲ್ಲ.

ಇನ್ನು ‘ವೇಗ’. ಒಂದು ರಿಕ್ವೆಸ್ಟ್‌ಗೆ (ಬಳಕೆದಾರರ ಕಡೆಯಿಂದ ಸಾಫ್ಟ್‌ವೇರ್‌ಗೆ ಬರುವ ಕೋರಿಕೆಗೆ) ಉತ್ತರ ಬರಲು ಹಿಡಿಯುವ ಹೊತ್ತಿಗೂ ವೇಗ, ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಮುಗಿಯುತ್ತವೆ ಅನ್ನುವುದಕ್ಕೂ ವೇಗ. ಇವೆರಡೂ ಎದುರುಬದುರು ಹೋಗಬಹುದು. ರಿಕ್ವೆಸ್ಟ್‌ಗಳನ್ನು ಗುಂಪು ಕಟ್ಟಿ ಒಟ್ಟಿಗೆ ನಡೆಸಿದರೆ ಸೆಕೆಂಡಿಗೆ ಮುಗಿಯುವ ಲೆಕ್ಕ ಏರಬಹುದು. ಆದರೆ ಗುಂಪು ತುಂಬುವ ತನಕ ಮೊದಲು ಬಂದದ್ದು ಕಾಯುತ್ತಾ ಕೂರಬೇಕು. ಆಗ ‘ವೇಗ ಹೆಚ್ಚಿತು’ ಅನ್ನುವುದು ನಿಜವೂ ಹೌದು, ಸುಳ್ಳೂ ಹೌದು. ‘ಉತ್ತರದ ಹೊತ್ತು’, ‘ಸೆಕೆಂಡಿನ ಲೆಕ್ಕ’ ಎಂದು ಬರೆದುಕೊಂಡಿದ್ದೇನೆ. ಎರಡನೆಯದು ನನಗೇ ಅಷ್ಟು ಹಿಡಿಸಿಲ್ಲ.

ಪರ್ಸೆಂಟೈಲ್ ಅನ್ನು, ಅಂದರೆ ನೂರಕ್ಕೆ ಇಷ್ಟು ರಿಕ್ವೆಸ್ಟ್‌ಗಳು ಇಷ್ಟು ಹೊತ್ತಿನೊಳಗೆ ಮುಗಿದವು ಎಂಬ ಅಳತೆಯನ್ನು, ಹೇಳುವುದು ಹೇಗೆ? ಇದನ್ನು ಬಿಡುವ ಹಾಗಿಲ್ಲ, ಯಾಕೆಂದರೆ ಸರಾಸರಿ ಮೋಸ ಮಾಡುತ್ತದೆ. ನೂರು ರಿಕ್ವೆಸ್ಟ್‌ಗಳಲ್ಲಿ 98ಕ್ಕೆ 0.1 ಸೆಕೆಂಡ್, ಉಳಿದ 2ಕ್ಕೆ 10 ಸೆಕೆಂಡ್ ಹಿಡಿಯಿತು ಅನ್ನಿ. ಸರಾಸರಿ ಸುಮಾರು 0.3 ಸೆಕೆಂಡ್. ಮಿತಿ ಅರ್ಧ ಸೆಕೆಂಡ್ ಇದ್ದರೆ ಟೆಸ್ಟ್ ಪಾಸ್! ಆ ಇಬ್ಬರು ಬಳಕೆದಾರರು ಅಷ್ಟರಲ್ಲಿ ಪುಟ ಮುಚ್ಚಿ ಹೋಗಿರುತ್ತಾರೆ. 95ನೇ ಪರ್ಸೆಂಟೈಲ್ ನೋಡಿದರೂ ಇದು ಕಾಣುವುದಿಲ್ಲ, 99ನೆಯದನ್ನೇ ನೋಡಬೇಕು. ‘ಶೇಕಡಾ 99ರ ಸಮಯ’ ಅಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ಹಾಗಾಗಿ ಪದ ಹುಡುಕುವುದನ್ನು ಬಿಟ್ಟು ವಾಕ್ಯವನ್ನೇ ಬಿಡಿಸಿ ಬರೆದೆ:

‘ಸೆಕೆಂಡಿಗೆ 200 ರಿಕ್ವೆಸ್ಟ್ ಬರುತ್ತಿರುವಾಗ, ಹುಡುಕಾಟದ ಪುಟದಲ್ಲಿ ನೂರಕ್ಕೆ 99 ರಿಕ್ವೆಸ್ಟ್‌ಗಳಿಗೆ 1 ಸೆಕೆಂಡಿನೊಳಗೆ ಉತ್ತರ ಬರಲೇಬೇಕು.’

ಉದ್ದ ಆಯಿತು, ಒಪ್ಪುತ್ತೇನೆ. ಆದರೆ ಇದನ್ನು ನೋಡಿಕೊಂಡು ನೇರವಾಗಿ ಟೆಸ್ಟ್ ಬರೆಯಬಹುದು. ಲೋಡ್ ಟೆಸ್ಟ್ (ಸಾಮಾನ್ಯವಾಗಿ ಬರುವಷ್ಟು ಹೊರೆ ಹಾಕಿ ನೋಡುವುದು), ಸ್ಟ್ರೆಸ್ ಟೆಸ್ಟ್ (ತಾಳುವುದಕ್ಕಿಂತ ಹೆಚ್ಚು ಹೊರೆ ಹಾಕಿ ನೋಡುವುದು) ಎಂಬ ಹೆಸರುಗಳನ್ನು ಮುಟ್ಟಿಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ.

ನನ್ನ ಪ್ರಶ್ನೆ ಎರಡೇ. ‘ಮಸ್ಟ್’ ಮತ್ತು ‘ಶುಡ್’ ನಡುವಿನ ಅಂತರವನ್ನು ಒಂದು ‘ಲೇ’ಗೆ ಬಿಡದೆ ತೋರಿಸುವ ಬಳಕೆ ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ‘ಸೆಕೆಂಡಿನ ಲೆಕ್ಕ’ಕ್ಕೆ ಬದಲು ಇನ್ನೇನಾದರೂ ಹೊಳೆಯುತ್ತದೆಯೇ?