ಮನೆ ಕಂಪ್ಯೂಟರ್ ತುಂಬಾ ಸ್ಲೋ, ಲಗ್ನಪತ್ರಿಕೆ ಕೆಲಸ ನಿಂತಿದೆ, ಯಾರಾದರೂ ದಾರಿ ಹೇಳಿ

ಅಕ್ಷರ_ಜೋಡಣೆ:
ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ. ಬಟನ್ ಒತ್ತಿ, ಕಾಫಿ ಕಾಸಿ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುವುದಿಲ್ಲ. ಬಂದ ಮೇಲೂ ಮೌಸ್ ಓಡಾಡುತ್ತದೆ, ಆದರೆ ಏನನ್ನೇ ಕ್ಲಿಕ್ ಮಾಡಿದರೂ ನೀಲಿ ಉಂಗುರ ಸುತ್ತುತ್ತಲೇ ಇರುತ್ತದೆ. ಕಾರ್ಡ್ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಸೇವ್ ಕೊಟ್ಟರೆ ಪರದೆ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ. ಟೆಂಪ್ ಫೈಲ್ ಅಳಿಸಿದೆ, ಆಂಟಿವೈರಸ್ ಸ್ಕ್ಯಾನ್ ಮಾಡಿದೆ, ಡೆಸ್ಕ್‌ಟಾಪ್ ಖಾಲಿ ಮಾಡಿದೆ. ಏನೂ ಪ್ರಯೋಜನ ಇಲ್ಲ. ಲಗ್ನದ ಸೀಸನ್ ಶುರುವಾಗಿದೆ, ಪಾರ್ಟಿಯವರು ಪ್ರೂಫ್ ಕೇಳಿ ಫೋನ್ ಮಾಡುತ್ತಿದ್ದಾರೆ. ಈಗ ಹೊಸದು ಕೊಳ್ಳುವ ಸ್ಥಿತಿ ಇಲ್ಲ. ಇದನ್ನೇ ಫಾಸ್ಟ್ ಮಾಡುವುದು ಹೇಗೆ?

ರ‍್ಯಾಮ್_ಭಂಡಾರ:
ಇದು ರ‍್ಯಾಮ್ ಸಮಸ್ಯೆ, ಅಂದರೆ ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ ಸಾಲದು. 4 ಜಿಬಿ ಇರಬೇಕು, ಅಲ್ವಾ? ಈಗಿನ ಬ್ರೌಸರ್ ಒಂದೇ ಅಷ್ಟನ್ನೂ ನುಂಗಿಬಿಡುತ್ತದೆ. ಇನ್ನೊಂದು 4 ಜಿಬಿ ಸ್ಟಿಕ್ ಹಾಕಿ, ಡ್ಯುಯಲ್ ಚಾನೆಲ್‌ನಲ್ಲಿ ಓಡಿಸಿ. ಎಷ್ಟೋ ಹಳೇ ಸಿಸ್ಟಮ್‌ಗಳಿಗೆ ಹೀಗೇ ಜೀವ ಕೊಟ್ಟಿದ್ದೇನೆ.

ಬೆಸುಗೆ_ಕಡ್ಡಿ:
ಮೊದಲು ಸಿಪಿಯು ಬಾಕ್ಸ್ ಬಿಚ್ಚಿ ಧೂಳು ಹೊಡೆಯಿರಿ ಸರ್. ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲ ಆದರೂ ಹೀಟ್‌ಸಿಂಕ್ ಸರಿಯಾಗಿ ಕೂರುವುದಿಲ್ಲ. ಆಗ ಪ್ರೊಸೆಸರ್ ಬಿಸಿ ಏರಿ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಆಗಿದ್ದರೆ ಒರೆಸಿ ಹೊಸದು ಹಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕೆಲಸ ನಡೆಯುವಾಗ ಎಷ್ಟು ಗಿಗಾಹರ್ಟ್ಸ್ ತೋರಿಸುತ್ತದೆ?

ಸಹ್ಯಾದ್ರಿ77:
ಒಂದು ನಿಮಿಷ ತಡೆಯಿರಿ. ಯಾವ ಪ್ರೊಸೆಸರ್, ಯಾವ ಬೋರ್ಡ್, ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ, ಡಿಸ್ಕ್ ಯಾವುದು, ಒಂದೂ ಗೊತ್ತಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ಹಾಕಿ. ಅಲ್ಲಿಯವರೆಗೆ ದಯವಿಟ್ಟು ಏನನ್ನೂ ಕೊಳ್ಳಬೇಡಿ.

ಅಕ್ಷರ_ಜೋಡಣೆ:
ಪ್ರೊಸೆಸರ್ ಐ3-4130, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಸ್ಪೀಡ್ 3.4 ಗಿಗಾಹರ್ಟ್ಸ್ ಅಂತಲೇ ತೋರಿಸುತ್ತಿದೆ, ಬಿಸಿ ಏನಿಲ್ಲ. ಡಿಸ್ಕ್ ತಂಟೆ ಅಲ್ಲವೇ ಅಲ್ಲ. ಹೋದ ವರ್ಷವೇ ಅಂಗಡಿಯಲ್ಲಿ 240 ಜಿಬಿ ಎಸ್‌ಎಸ್‌ಡಿ (ತಟ್ಟೆ ತಿರುಗದ ವೇಗದ ಡಿಸ್ಕ್) ಹಾಕಿಸಿದ್ದೇನೆ. ಹಾಕಿಸಿದಾಗಲೂ ಅಂಥಾ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯವರು ‘ನಿಮ್ಮ ಸಿಸ್ಟಮ್ ಹಳೇದು, ಇಷ್ಟೇ ಬರೋದು’ ಅಂದರು. ಫೋಟೋ ಸಂಜೆ ಹಾಕುತ್ತೇನೆ, ಈಗ ಪ್ರೆಸ್‌ಗೆ ಹೋಗಬೇಕು.

ರ‍್ಯಾಮ್_ಭಂಡಾರ:
4 ಜಿಬಿ ಅಂತ ಹೇಳಿದೆನಲ್ಲ! ಎಸ್‌ಎಸ್‌ಡಿ ಇದ್ದೂ ಸ್ಲೋ ಅಂದ ಮೇಲೆ ರ‍್ಯಾಮ್ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಎಚ್81ರಲ್ಲಿ ಎರಡೇ ಸ್ಲಾಟ್, 16 ಜಿಬಿವರೆಗೆ ಹಾಕಬಹುದು. ಡಿಡಿಆರ್3 ಡೆಸ್ಕ್‌ಟಾಪ್ ಸ್ಟಿಕ್ ಕೇಳಿ, 1600 ಸ್ಪೀಡ್. ಲ್ಯಾಪ್‌ಟಾಪ್‌ನ ಚಿಕ್ಕ ಸ್ಟಿಕ್ ಕೂರುವುದಿಲ್ಲ.

ಕಡಲ_ತಡಿ:
ಎಸ್‌ಎಸ್‌ಡಿ ಯಾವ ಪೋರ್ಟಿಗೆ ಚುಚ್ಚಿದ್ದಾರೆ ಅಂತ ನೋಡಿ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ), ಅದರಲ್ಲಿ ಎರಡು ಮಾತ್ರ 6 ಗಿಗಾಬಿಟ್, ಉಳಿದೆರಡು 3 ಗಿಗಾಬಿಟ್. ತಪ್ಪು ಪೋರ್ಟಿಗೆ ಹಾಕಿದ್ದರೆ ಅರ್ಧ ವೇಗ ಅಲ್ಲೇ ಹೋಯಿತು.

ಸಹ್ಯಾದ್ರಿ77:
ಪೋರ್ಟ್ ಬದಲಾಯಿಸುವುದು ಒಳ್ಳೆಯದೇ. ಆದರೆ 3 ಗಿಗಾಬಿಟ್ ಪೋರ್ಟಿನಲ್ಲಿದ್ದರೂ ಎಸ್‌ಎಸ್‌ಡಿ ಸೆಕೆಂಡಿಗೆ 250 ಎಂಬಿ ಮೇಲೆ ಓದುತ್ತದೆ. ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಆನ್ ಆಗಿ ಸಿದ್ಧವಾಗುವಾಗ, ಬೇಕಿರುವುದು ದೊಡ್ಡ ಫೈಲಿನ ವೇಗ ಅಲ್ಲ, ಸಾವಿರಾರು ಚಿಕ್ಕ ಫೈಲುಗಳನ್ನು ಚಕಚಕ ಹೆಕ್ಕುವುದು. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕಿನ ತಟ್ಟೆ ಒಂದು ಸುತ್ತು ಬರಲು 8 ಮಿಲಿಸೆಕೆಂಡಿಗೂ ಜಾಸ್ತಿ ಬೇಕು. ಎಸ್‌ಎಸ್‌ಡಿಗೆ ಆ ಸುತ್ತಾಟವೇ ಇಲ್ಲ. ಇವರು ಹೇಳುವಷ್ಟು ನಿಧಾನಕ್ಕೆ ಪೋರ್ಟ್ ಕಾರಣ ಆಗಲಾರದು.

ಕಡಲ_ತಡಿ:
ಅರ್ಧ ವೇಗ ಅಂದರೆ ಅರ್ಧ ವೇಗವೇ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ.

ಸಹ್ಯಾದ್ರಿ77:
ದೊಡ್ಡ ವಿಡಿಯೋ ಫೈಲ್ ಕಾಪಿ ಮಾಡಿ ನೋಡಿದರೆ ಹಾಗೇ ಕಾಣುತ್ತದೆ. ಬೂಟ್ ಆಗುವ ಸಮಯ ಅಳೆದು ನೋಡಿ.

ಉಬುಂಟು_ಹುಡುಗ:
ಸುಮ್ನೆ ದುಡ್ಡು ಯಾಕೆ ಹಾಕುತ್ತೀರಿ? ನಾಲ್ಕನೇ ಜನರೇಶನ್ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅದಕ್ಕೆ ಇಂಟೆಲ್ ಎಂಟನೇ ಜನರೇಶನ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಕಗಪ ಕೀಲಿಮಣೆ ಅದರಲ್ಲೇ ಇದೆ, ಕನ್ನಡ ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ.

ಮೊಳೆ_ಜೋಡಿಸುವವ:
ಡಿಟಿಪಿ ಮಾಡುವವರಿಗೆ ಲಿನಕ್ಸ್ ಅನ್ನುತ್ತೀರಲ್ಲ. ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ (ಎಲ್ಲ ಕಡೆ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತ) ಕನ್ನಡ ಗೊತ್ತೇ ಇಲ್ಲ. ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲೇ ಕೆಲಸ, ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಪದ್ಧತಿ. ಇವರ ಹಳೇ ಕಾರ್ಡುಗಳೆಲ್ಲ ಅದರಲ್ಲೇ ಇರುತ್ತವೆ. ‘ಶ್ರೀ ಗಣೇಶಾಯ ನಮಃ’ದಿಂದ ‘ತಮ್ಮ ಸುಖಾಗಮನ ಬಯಸುವ’ವರೆಗೆ ಹಳೇ ಫೈಲ್ ತೆರೆದು, ವಧು-ವರರ ಹೆಸರು ಮತ್ತು ಮುಹೂರ್ತ ಬದಲಾಯಿಸಿದರೆ ಕೆಲಸ ಮುಗಿಯಿತು. ಲಿನಕ್ಸ್‌ಗೆ ಹೋದರೆ ಅಷ್ಟನ್ನೂ ಮೊದಲಿನಿಂದ ಕೂರಿಸಬೇಕು.

ಉಬುಂಟು_ಹುಡುಗ:
ಅದಕ್ಕೇ ಹೇಳುವುದು, ಇನ್ನೂ ಎಷ್ಟು ವರ್ಷ ಆಸ್ಕಿ? ಯೂನಿಕೋಡ್‌ನಲ್ಲಿ ಇದ್ದರೆ ಹುಡುಕಬಹುದು, ವಾಟ್ಸಾಪ್‌ಗೆ ಹಾಕಬಹುದು. ಆಸ್ಕಿ ಫೈಲನ್ನು ಫಾಂಟ್ ಇಲ್ಲದ ಕಡೆ ತೆರೆದರೆ ಒಂದಕ್ಷರ ಕನ್ನಡ ಕಾಣುವುದಿಲ್ಲ. ಪರಿವರ್ತಕಗಳಿವೆ, ಬದಲಾಯಿಸಿಕೊಳ್ಳಬಹುದು.

ಮೊಳೆ_ಜೋಡಿಸುವವ:
ಪರಿವರ್ತಿಸಿದರೆ ಅಕ್ಷರ ಬರುತ್ತದೆ, ಅಲೈನ್‌ಮೆಂಟ್ ಬರುವುದಿಲ್ಲ. ನಾನೂ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಬಳಸುತ್ತೇನೆ, ವಿರೋಧ ಇಲ್ಲ. ಆದರೆ ನಾಳೆ ಬೆಳಿಗ್ಗೆ ಪ್ರೂಫ್ ಕೊಡಬೇಕಾದವರಿಗೆ ಈಗ ಹೇಳುವ ಮಾತಲ್ಲ ಇದು.

ರ‍್ಯಾಮ್_ಭಂಡಾರ:
ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ರ‍್ಯಾಮ್ ಬೇಕೇ ಬೇಕು. ನನ್ನ ಮನೆಯಲ್ಲಿ 32 ಜಿಬಿ ಇದೆ, ಎರಡು ಮಾನಿಟರ್. ಎಷ್ಟು ಟ್ಯಾಬ್ ತೆರೆದಿಟ್ಟರೂ ಅಲುಗಾಡುವುದಿಲ್ಲ.

ಬೆಸುಗೆ_ಕಡ್ಡಿ:
ನನ್ನದು ಎರಡನೇ ಜನರೇಶನ್ ಐ5-2400, ಇವತ್ತಿಗೂ ದಿನವಿಡೀ ಓಡುತ್ತದೆ. ಎಸ್‌ಎಂಪಿಎಸ್‌ನಲ್ಲಿ ಉಬ್ಬಿದ ಕೆಪಾಸಿಟರ್ ನಾನೇ ಬದಲಾಯಿಸಿದೆ. ಕೈಯಲ್ಲಿ ರಿಪೇರಿ ಮಾಡಿ ಉಳಿಸಿಕೊಂಡ ಮಿಷಿನ್ ಮೇಲೆ ಇರುವ ಪ್ರೀತಿ ಹೊಸದರ ಮೇಲೆ ಬರುವುದಿಲ್ಲ.

ಕಡಲ_ತಡಿ:
ಐ5-2400 ಗಟ್ಟಿ ಪ್ರೊಸೆಸರ್. ನಾಲ್ಕು ನಿಜವಾದ ಕೋರ್. ಐ3-4130ರಲ್ಲಿ ಎರಡೇ ಕೋರ್, ಹೈಪರ್‌ಥ್ರೆಡಿಂಗ್ ಸೇರಿ ನಾಲ್ಕು ಥ್ರೆಡ್.

ಅಕ್ಷರ_ಜೋಡಣೆ:
ಫೋಟೋ ಹಾಕಿದ್ದೇನೆ. ದಯವಿಟ್ಟು ನೋಡಿ. ಏನೂ ತೆರೆದಿರಲಿಲ್ಲ, ಆನ್ ಮಾಡಿ ಬಿಟ್ಟಿದ್ದೆ ಅಷ್ಟೇ.

ಸಹ್ಯಾದ್ರಿ77:
ನೋಡಿದೆ. ಎಡಗಡೆ ಪಟ್ಟಿಯನ್ನು ಎಲ್ಲರೂ ಗಮನಿಸಿ. ‘ಡಿಸ್ಕ್ 0 (ಸಿ, ಡಿ)’, ಅದರ ಕೆಳಗೆ ‘ಎಚ್‌ಡಿಡಿ’, 100%. ‘ಡಿಸ್ಕ್ 1 (ಇ)’, ಅದರ ಕೆಳಗೆ ‘ಎಸ್‌ಎಸ್‌ಡಿ’, 0%.

ಅಂದರೆ ಅಂಗಡಿಯವರು ಎಸ್‌ಎಸ್‌ಡಿ ತಂದು ಚುಚ್ಚಿ, ಇ ಡ್ರೈವ್ ಅಂತ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದಾರೆ. ವಿಂಡೋಸ್ ಇನ್ನೂ ಹಳೇ 500 ಜಿಬಿ ಹಾರ್ಡ್ ಡಿಸ್ಕಿನಲ್ಲೇ ಇದೆ. ನೀವು ದುಡ್ಡು ಕೊಟ್ಟ ವೇಗದ ಡಿಸ್ಕ್ ಖಾಲಿ ಕೂತಿದೆ, ಪೂರ್ತಿ ಕೆಲಸ ಹಳೇ ಡಿಸ್ಕೇ ಹೊರುತ್ತಿದೆ. ಕೆಲಸ ಅರ್ಧಕ್ಕೆ ಬಿಟ್ಟು ‘ಇಷ್ಟೇ ಬರೋದು’ ಅಂದದ್ದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಇನ್ನೊಂದು ವಿಷಯ. ಹಳೇ ಡಿಸ್ಕ್ ಉತ್ತರ ಕೊಡಲು ಹಿಡಿಯುವ ರೆಸ್ಪಾನ್ಸ್ ಟೈಮ್ 2000 ಮಿಲಿಸೆಕೆಂಡ್ ದಾಟಿದೆ. ಬರೀ ಹಳೇ ಡಿಸ್ಕ್ ಅಂದರೂ ಇದು ಜಾಸ್ತಿಯಾಯಿತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಸಿ5 ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದೆಯಾ? ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ 32 ಬಿಟ್ ಅಂತಿದೆಯಾ, 64 ಬಿಟ್ ಅಂತಿದೆಯಾ?

ಅಕ್ಷರ_ಜೋಡಣೆ:
ಹಳದಿ ಬಣ್ಣದಲ್ಲಿ ‘ಕಾಶನ್’ ಅಂತ ಬಂತು. ಸಿ5ರಲ್ಲಿ ಸೊನ್ನೆ ಇಲ್ಲ, 58 ಅಂತಿದೆ. ವಿಂಡೋಸ್ 32 ಬಿಟ್. ರ‍್ಯಾಮ್ ಮುಂದೆ ‘3.2 ಜಿಬಿ ಯೂಸಬಲ್’ ಅಂತ ಇದೆ. ಸರ್, ನನ್ನ ಹಳೇ ಕಾರ್ಡುಗಳೆಲ್ಲ ಡಿ ಡ್ರೈವ್‌ನಲ್ಲಿವೆ. ಬೇರೆ ಕಾಪಿ ಇಲ್ಲ.

ಸಹ್ಯಾದ್ರಿ77:
ಹಾಗಾದರೆ ಸ್ಪೀಡ್ ಮಾತು ಈಗ ಬದಿಗಿಡಿ. ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳು, ಡಿಸ್ಕಿನ ಚಿಕ್ಕ ಚಿಕ್ಕ ಜಾಗಗಳು. ಅಂಥ ಜಾಗ ಸಿಕ್ಕಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತದೆ. ನಿಮ್ಮ ಪರದೆ ಬೆಳ್ಳಗಾಗುವುದು ಆಗಲೇ. ಇವತ್ತೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು, ಅತಿ ಬೇಕಾದ ಫೋಲ್ಡರ್ ಮೊದಲು ಕಾಪಿ ಮಾಡಿ. ಸಿ ಡ್ರೈವ್‌ನ ಫಾಂಟ್ಸ್ ಫೋಲ್ಡರ್ ಮರೆಯಬೇಡಿ, ನುಡಿ ಫಾಂಟುಗಳು ಅಲ್ಲೇ ಇರುತ್ತವೆ.

ರ‍್ಯಾಮ್_ಭಂಡಾರ:
ಚೆಕ್‌ಡಿಸ್ಕ್ ಓಡಿಸಿದರೆ ಬ್ಯಾಡ್ ಸೆಕ್ಟರ್ ಸರಿಹೋಗುತ್ತದೆ. ಆಮೇಲೆ ರ‍್ಯಾಮ್ ಹಾಕಿ.

ಸಹ್ಯಾದ್ರಿ77:
ಕಾಪಿ ಮುಗಿಯುವವರೆಗೆ ಚೆಕ್‌ಡಿಸ್ಕ್ ಬೇಡವೇ ಬೇಡ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆಯೂ ಓದಿಸಿ, ಉಳಿದ ಜೀವವನ್ನೂ ತೆಗೆಯುತ್ತದೆ. ಫೈಲ್‌ಗಳೇ ತುಂಡಾಗಬಹುದು. ಇನ್ನು ರ‍್ಯಾಮ್: 32 ಬಿಟ್ ವಿಂಡೋಸ್ 10ಕ್ಕೆ 4 ಜಿಬಿ ಮೇಲೆ ಕಾಣುವುದೇ ಇಲ್ಲ. ಈಗ 8 ಹಾಕಿದರೂ ಅದೇ 3.2 ತೋರಿಸುತ್ತದೆ.

ರ‍್ಯಾಮ್_ಭಂಡಾರ:
64 ಬಿಟ್ ಹಾಕಿಕೊಂಡರೆ ಕಾಣುತ್ತದಲ್ಲ. ನಾನು ಹೇಳಿದ್ದು ಅದನ್ನೇ.

ಮೊಳೆ_ಜೋಡಿಸುವವ:
64 ಬಿಟ್ ವಿಂಡೋಸ್ 10ರಲ್ಲಿ ನನ್ನ ಪೇಜ್‌ಮೇಕರ್ 7 ಚೆನ್ನಾಗಿ ಓಡುತ್ತಿದೆ, ಹೆದರಬೇಡಿ. ನುಡಿಯೂ ಬರುತ್ತದೆ. ಸೆಟಪ್ ಸಿಡಿ ಹುಡುಕಿ ಇಟ್ಟುಕೊಳ್ಳಿ.

ಅಕ್ಷರ_ಜೋಡಣೆ:
ಸಿಡಿ ಸಿಕ್ಕಿತು. 1 ಟಿಬಿ ಎಕ್ಸ್‌ಟರ್ನಲ್ ತಂದೆ. ಈ ವರ್ಷದ ಕಾರ್ಡುಗಳು ಬಂದವು, ಫಾಂಟ್ಸ್ ಬಂತು. ಈಗ ಹಳೇ ಡಿಸ್ಕನ್ನು ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಲಾ?

ಸಹ್ಯಾದ್ರಿ77:
ಕ್ಲೋನ್ ಬೇಡ. ಕೆಟ್ಟ ಸೆಕ್ಟರ್ ಬಂದ ಕಡೆ ನಿಂತುಹೋಗುತ್ತದೆ, 32 ಬಿಟ್ ಕೂಡ ಹಾಗೇ ಉಳಿಯುತ್ತದೆ. ಎಸ್‌ಎಸ್‌ಡಿಯ ಇ ಡ್ರೈವ್‌ನಲ್ಲಿ ಏನಾದರೂ ಇಟ್ಟಿದ್ದರೆ ಅದನ್ನೂ ತೆಗೆದಿಡಿ, ಆಮೇಲೆ ಅದಕ್ಕೆ 64 ಬಿಟ್ ಹೊಸದಾಗಿ ಹಾಕಿ. ಹಾಕುವ ಮೊದಲು ಹಳೇ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಳಚಿಡಿ. ಇದು ತುಂಬಾ ಮುಖ್ಯ. ಕಳಚದಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನಲ್ಲೇ ಬಿಡಬಹುದು. ಮುಂದೆ ಆ ಡಿಸ್ಕ್ ಸತ್ತ ದಿನ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಎಸ್‌ಎಸ್‌ಡಿಯನ್ನು 6 ಗಿಗಾಬಿಟ್ ಪೋರ್ಟಿಗೇ ಹಾಕಿ, ಹೇಗೂ ಬಾಕ್ಸ್ ಬಿಚ್ಚಿರುತ್ತೀರಿ.

ಕಡಲ_ತಡಿ:
ಪೋರ್ಟ್ ವಿಷಯ ಮೊದಲೇ ಹೇಳಿದ್ದೆ.

ಅಕ್ಷರ_ಜೋಡಣೆ:
ಹಾಕಿ ಆಯಿತು. ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಲಾಗಿನ್ ಬರುತ್ತದೆ! ಅದೇ ಐ3, ಅದೇ 4 ಜಿಬಿ. ಪೇಜ್‌ಮೇಕರ್‌ನಲ್ಲಿ ಸೇವ್ ಕೊಟ್ಟ ತಕ್ಷಣ ಸೇವ್. ಎರಡು ಪ್ರೂಫ್ ಇವತ್ತೇ ಕಳಿಸಿದೆ. ಸಹ್ಯಾದ್ರಿ ಸರ್, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಆದರೆ ಹಳೇ ಡಿಸ್ಕ್ ಮತ್ತೆ ಜೋಡಿಸಿದಾಗ ಡಿ ಡ್ರೈವ್‌ನ ‘ವೈಕುಂಠ ಸಮಾರಾಧನೆ’ ಫೋಲ್ಡರ್ ಮತ್ತು ಅಪ್ಪ ಬರೆದಿಟ್ಟ ಭಜನೆ ಪುಸ್ತಕದ ಫೈಲ್ ಕಾಪಿ ಆಗುತ್ತಿಲ್ಲ. ಅರ್ಧಕ್ಕೆ ನಿಂತು ಎರರ್ ಕೊಡುತ್ತದೆ. ಭಜನೆ ಪುಸ್ತಕ ನನಗೆ ಬೇಕೇ ಬೇಕು.

ಉಬುಂಟು_ಹುಡುಗ:
ಇದಕ್ಕೆ ನಾನು ನೆರವಾಗುತ್ತೇನೆ. ಮತ್ತೆ ಮತ್ತೆ ಕಾಪಿ ಒತ್ತಬೇಡಿ, ಡಿಸ್ಕ್ ಕಳಚಿಡಿ. ಪೆನ್‌ಡ್ರೈವ್‌ನಲ್ಲಿ ಉಬುಂಟು (ಇದೂ ಲಿನಕ್ಸ್) ಸಿದ್ಧವಾದ ಮೇಲೆ ಡಿಸ್ಕ್ ಜೋಡಿಸಿ, ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಬೂಟ್ ಮಾಡಿ, ಇನ್‌ಸ್ಟಾಲ್ ಬೇಡ. ಅದರಲ್ಲಿ ಡಿಡಿರೆಸ್ಕ್ಯೂ ಹಾಕಿಕೊಳ್ಳಿ, ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಇಡೀ ಡಿ ಡ್ರೈವ್‌ನ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ನಕಲು) ಎಕ್ಸ್‌ಟರ್ನಲ್‌ಗೆ ಬರಲಿ. ಅಷ್ಟು ಜಾಗ ಖಾಲಿ ಇರಬೇಕು. ಎಕ್ಸ್‌ಟರ್ನಲ್ ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಆಗಿರಬೇಕು, ಫ್ಯಾಟ್32 ಆದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಯಾವುದು ಮೂಲ, ಯಾವುದು ಗುರಿ ಅಂತ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ಅದಲುಬದಲಾದರೆ ಎಲ್ಲ ಹೋಗುತ್ತದೆ. ಕಮಾಂಡ್ ಕೊಡುವ ಮೊದಲು ಪರದೆಯ ಫೋಟೋ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.

ಅಕ್ಷರ_ಜೋಡಣೆ:
ಫೋಟೋ ಹಾಕಿದ್ದೆ, ನೀವು ಸರಿ ಅಂದ ಮೇಲೆ ಶುರು ಮಾಡಿದೆ. ಮೊದಲು ಓಡಿತು, 97% ಆದ ಮೇಲೆ ತುಂಬಾ ನಿಧಾನ. ಈಗ ಕರೆಂಟ್ ಹೋಗುವ ಸಮಯ, ಯುಪಿಎಸ್ ಅಷ್ಟು ಹೊತ್ತು ಬರುವುದಿಲ್ಲ. ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಮಾಡಬೇಕಾ?

ಉಬುಂಟು_ಹುಡುಗ:
ಬೇಡ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಎಕ್ಸ್‌ಟರ್ನಲ್‌ನಲ್ಲಿ ಇಮೇಜ್ ಪಕ್ಕ ಒಂದು ಚಿಕ್ಕ ಮ್ಯಾಪ್ ಫೈಲ್ ಇರುತ್ತದೆ, ಅದನ್ನು ಅಳಿಸಬೇಡಿ. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಕೊಡಿ, ನಿಂತಲ್ಲಿಂದ ಮುಂದುವರಿಯುತ್ತದೆ. ಹಾರ್ಡ್ ಡಿಸ್ಕ್ ತಣ್ಣಗಾಗಲಿ, ಅವಸರ ಬೇಡ.