ಅಡಿಕೆ ದಲಾಲಿ ಅಂಗಡಿಗೆ ವೆಕ್ಟರ್ ಡೇಟಾಬೇಸ್ ಬೇಕೇ?

ಪ್ರಶ್ನೆ (ಶಿರಸಿ): ನಮಸ್ಕಾರ ಸರ್. ನಮ್ಮದು ಅಡಿಕೆ ದಲಾಲಿ ಅಂಗಡಿ. ಹನ್ನೆರಡು ವರ್ಷದ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಎಂಬ, ಕೋಷ್ಟಕಗಳಲ್ಲಿ ದತ್ತಾಂಶ ಇಡುವ ಡೇಟಾಬೇಸ್‌ನಲ್ಲಿದೆ. ತಂತ್ರಾಂಶ ಮಾರಲು ಬಂದವರೊಬ್ಬರು ‘ಕೋಷ್ಟಕಗಳ ಕಾಲ ಮುಗಿಯಿತು, ಇನ್ನೇನಿದ್ದರೂ ವೆಕ್ಟರ್ ಡೇಟಾಬೇಸ್’ ಎಂದರು. ಬದಲಿಸೋಣವೇ?

ಉತ್ತರ: ಬೇಡ. ಈ ಶ್ರಾದ್ಧದ ಕರೆಯೋಲೆ ಹಿಂದೆಯೂ ಬಂದಿತ್ತು. ಕೋಷ್ಟಕಗಳ ಮಾದರಿಯನ್ನು ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ್ದು 1970ರಲ್ಲಿ. ಗೂಗಲ್‌ನ ಬಿಗ್‌ಟೇಬಲ್ (2006), ಅಮೆಜಾನ್‌ನ ಡೈನಮೋ (2007) ಎಂಬ ದತ್ತಾಂಶ ವ್ಯವಸ್ಥೆಗಳ ಪ್ರಬಂಧಗಳ ನಂತರ, ಕೋಷ್ಟಕ ಮಾದರಿಯನ್ನು ಬಿಟ್ಟ ನೋಎಸ್‌ಕ್ಯೂಎಲ್ ಡೇಟಾಬೇಸ್‌ಗಳ ಅಲೆ ಎದ್ದಿತು. 2012ರಲ್ಲಿ ಅದೇ ಗೂಗಲ್ ಸ್ಪ್ಯಾನರ್ ಎಂಬ ತನ್ನ ಡೇಟಾಬೇಸ್ ಬಗ್ಗೆ ಬರೆದಾಗ, ಕೋಷ್ಟಕಗಳನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಆಧಾರಿತ ಭಾಷೆ ಮರಳಿ ಬಂದಿತ್ತು!

ವೆಕ್ಟರ್ ಹುಡುಕಾಟ ಸುಳ್ಳಲ್ಲ. ಬರಹ, ಚಿತ್ರಗಳನ್ನು ಸಂಖ್ಯೆಗಳ ಸಾಲಾಗಿಸಿ ಹತ್ತಿರದ್ದನ್ನು ಹುಡುಕುತ್ತದೆ. ವೇಗಕ್ಕಾಗಿ ಹೆಚ್ಚಾಗಿ ಅಂದಾಜಿನ ಉತ್ತರ ಕೊಡುತ್ತದೆ. ಬೆಳೆಗಾರರಿಗೆ ಕೊಡಬೇಕಾದ ಹಣವನ್ನು ಅಂದಾಜಿನಲ್ಲಿ ಎಣಿಸುತ್ತೀರಾ? ಹಳೆಯ ಚೀಟಿಗಳ ಚಿತ್ರ ಹುಡುಕಬೇಕಿದ್ದರೆ ನಿಮ್ಮ ಪೋಸ್ಟ್‌ಗ್ರೆಸ್‌ಗೇ ವೆಕ್ಟರ್ ಹುಡುಕಾಟದ ಪಿಜಿವೆಕ್ಟರ್ ಎಂಬ ವಿಸ್ತರಣೆ ಜೋಡಿಸಿದರೆ ಸಾಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಒಂದೊಂದು ಬಗೆಗೆ ಬೇರೆ ವಿವರ ಬರೆಯಲು 2014ರಿಂದ ಅದರಲ್ಲಿ ಜೇಸನ್‌ಬಿ ಎಂಬ ದತ್ತಾಂಶ ಬಗೆ ಇದೆ.

ಪ್ರಶ್ನೆ: ಸರ್ವರ್ ಬೆಂಗಳೂರಿನಲ್ಲಿದೆ. ಆಷಾಢದ ಮಳೆಗೆ ನೆಟ್ ಹೋದರೆ ತೂಕವೇ ನಿಲ್ಲುತ್ತದೆ.

ಉತ್ತರ: ಇದನ್ನಲ್ಲವೇ ಮೊದಲು ಕೇಳಬೇಕಾಗಿದ್ದು! ಹೊಸತರಲ್ಲಿ ನಿಮಗೆ ದಕ್ಕುವುದು ‘ಮೊದಲು ಸ್ಥಳೀಯ’ ಎಂಬ ವಿಧಾನ. ತೂಕ ಬರೆಯುವ ಮೊಬೈಲ್‌ನಲ್ಲೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇರಲಿ. ಆಂಡ್ರಾಯ್ಡ್‌ನಲ್ಲಿ ಅದು ಇದ್ದೇ ಇದೆ. ನಮೂದು ಮೊದಲು ಅಲ್ಲಿಗೆ, ನೆಟ್ ಬಂದಾಗ ಸರ್ವರ್‌ಗೆ. ಆದರೆ 1, 2, 3 ಎಂಬ ಕ್ರಮಸಂಖ್ಯೆ ಬೇಡ, ಎರಡು ಮೊಬೈಲ್‌ಗಳಲ್ಲಿ ಒಂದೇ ಸಂಖ್ಯೆ ಹುಟ್ಟುತ್ತದೆ. ಯುಯುಐಡಿ ಎಂಬ, ಬೇರೆಲ್ಲೂ ಮತ್ತೆ ಹುಟ್ಟದಂಥ ಉದ್ದದ ಗುರುತು ಬಳಸಿ. ಬರೆದ ತೂಕವನ್ನು ಅಳಿಸಿ ತಿದ್ದಬೇಡಿ, ತಿದ್ದುಪಡಿಯನ್ನು ಹೊಸ ಸಾಲಾಗಿ ಸೇರಿಸಿ. ನಿಮ್ಮ ಅಜ್ಜನ ರೋಜು ಪುಸ್ತಕದ ಶಿಸ್ತು ಇದೇ ಆಗಿತ್ತು.

ಪ್ರಶ್ನೆ (ಕಾರವಾರದ ಸದಸ್ಯರು): ನಡುವೆ ಬಾಯಿ ಹಾಕುತ್ತಿದ್ದೇನೆ. ಒಂದೇ ಚೀಲಕ್ಕೆ ಇಬ್ಬರು ಬೇರೆ ಬೇರೆ ತೂಕ ಬರೆದರೆ?

ಉತ್ತರ: ಘರ್ಷಣೆಯಿಲ್ಲದೆ ಬೆಸೆಯುವ ಸಿಆರ್‌ಡಿಟಿ ಎಂಬ ದತ್ತಾಂಶ ರಚನೆಗಳಿವೆ. ಅವು ಎರಡೂ ಮೊಬೈಲ್‌ಗಳನ್ನು ಒಂದೇ ಸ್ಥಿತಿಗೆ ತರುತ್ತವೆ, ಯಾವ ತೂಕ ನಿಜ ಎಂದು ಹೇಳಲಾರವು. ಎರಡೂ ನಮೂದು ಉಳಿಯಲಿ, ಪಕ್ಕದಲ್ಲಿ ಕೆಂಪು ಗುರುತು ಬರಲಿ. ಚೀಲವನ್ನು ಮತ್ತೊಮ್ಮೆ ತಕ್ಕಡಿಗೆ ಹಾಕಿಸಿ.